ಚಳಿಗಾಲದಲ್ಲಿ ಮನೆಯೊಳಗೆ ಪುಟ್ಟ ಮಕ್ಕಳ ಜೊತೆ ಮಣ್ಣಿನ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊರಗೆ ಬಿಡುವಂತಿಲ್ಲ, ಒಳಗೆ ಸುಮ್ನೆ ಕೂರುವುದಿಲ್ಲ. ಚಳಿಗಾಲದಲ್ಲಿ ಪುಟ್ಟ ಮಕ್ಕಳಿರುವ ಮನೆಯ ಪಾಡು ಇದು. ಮಣ್ಣು, ಹಿಟ್ಟು, ಕ್ಲೇ ಅಂತ ಶುರು ಮಾಡಿದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಮೊದಲ ಸಲ ಮಾಡುವವರು ಮೇಲಿನಿಂದ ಓದಿ. ಬಿರುಕು, ಬಣ್ಣ, ಸುಡುವ ವಿಚಾರ ಬೇಕಿದ್ದವರು ನೇರ ಕೆಳಗೆ ಹೋಗಿ.

## ಶುರು ಮಾಡುವ ಮೊದಲು

ನನ್ನ ಮಗಳಿಗೆ ಈಗಷ್ಟೇ ಎರಡು ವರ್ಷ. ಈಗಲೇ ಕೊಡಬಹುದಾ, ಇಲ್ಲ ಬೇಗ ಆಯ್ತಾ?

ಕೊಡಬಹುದು. ಆದರೆ ಏನೋ ಒಂದು ವಸ್ತು ತಯಾರಾಗುತ್ತದೆ ಅಂತ ಕಾಯಬೇಡಿ. ಈ ವಯಸ್ಸಿಗೆ ಚುಚ್ಚುವುದು, ಹಿಸುಕುವುದು, ಕಿತ್ತು ತುಂಡು ಮಾಡಿ ಮತ್ತೆ ಅಂಟಿಸುವುದು, ಇಷ್ಟೇ ಆಟ. ಮೂರರ ಹೊತ್ತಿಗೆ ಅಂಗೈಯಲ್ಲಿ ಹೊಸೆದು ಹಾವು ಮಾಡುತ್ತಾರೆ. ನಾಲ್ಕು-ಐದಕ್ಕೆ ಬಟ್ಟಲು, ಪ್ರಾಣಿ, ಕೈಕಾಲಿರುವ ಮನುಷ್ಯ ಬರುತ್ತವೆ. ಗಮನಿಸಿ ನೋಡಿ, ಸಣ್ಣವರು ಮೊದಲು ಹೊಸೆಯುತ್ತಾರೆ, ಆಮೇಲೆ ಅದಕ್ಕೆ ಹೆಸರಿಡುತ್ತಾರೆ. ಈಗ ಹಾವು ಅಂದದ್ದು ಇನ್ನೊಂದು ಗಳಿಗೆಗೆ ರೈಲು. "ಏನು ಮಾಡ್ತಿದ್ದೀಯಾ?" ಅಂತ ಮೊದಲೇ ಕೇಳಿದರೆ ಉತ್ತರ ಇರುವುದಿಲ್ಲ, ಪಾಪ.

ಮೂರು ವರ್ಷದೊಳಗಿನವರಿಗೆ ಮಣಿ, ಗುಂಡಿ, ಕಣ್ಣಿಗೆ ಅಂತ ಅಂಟಿಸುವ ಕಾಳು ಕೊಡಬೇಡಿ. ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುವ ಸಾಮಾನುಗಳು ಅವು. ಪಕ್ಕದಲ್ಲೇ ಒಬ್ಬ ದೊಡ್ಡವರು ಕೂರಬೇಕು, ಇದರಲ್ಲಿ ರಿಯಾಯಿತಿ ಇಲ್ಲ.

ಅಂಗಡಿಯಲ್ಲಿ ಹತ್ತು ತರಹದ ಕ್ಲೇ ಇದೆ. ಯಾವುದು ತರಬೇಕು ಅಂತಲೇ ಗೊತ್ತಾಗ್ತಿಲ್ಲ

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಮಾಡಿದ್ದು ಉಳಿಯಬೇಕಾ, ಬೇಡವಾ? ಉಳಿಯುವುದು ಬೇಡ, ಆಡಿ ಮುದ್ದೆ ಮಾಡಿ ಎತ್ತಿಟ್ಟರೆ ಸಾಕು ಅಂದರೆ ಪ್ಲೇಡೋ ಅಥವಾ ಎಣ್ಣೆ ಕ್ಲೇ. ಎಣ್ಣೆ ಕ್ಲೇ ಒಣಗುವುದೇ ಇಲ್ಲ. 1897ರಲ್ಲಿ ಇಂಗ್ಲೆಂಡಿನ ಕಲಾ ಶಿಕ್ಷಕ ವಿಲಿಯಂ ಹಾರ್ಬಟ್ ಪ್ಲಾಸ್ಟಿಸಿನ್ ಅನ್ನುವ ಎಣ್ಣೆ ಕ್ಲೇ ಕಂಡುಹಿಡಿದದ್ದೇ ವಿದ್ಯಾರ್ಥಿಗಳಿಗೆ ಬೇಗ ಒಣಗದ ಮಣ್ಣು ಬೇಕು ಅಂತ. ಪ್ಲೇಡೋ ಕಥೆ ಇನ್ನೂ ಮಜಾ. ಚಳಿಗಾಲದಲ್ಲಿ ಕಲ್ಲಿದ್ದಲು ಉರಿಸಿ ಮನೆ ಬೆಚ್ಚಗೆ ಮಾಡುತ್ತಿದ್ದ ಕಾಲದಲ್ಲಿ ವಾಲ್‌ಪೇಪರ್ ಮೇಲಿನ ಮಸಿ ಒರೆಸಲು ಅಮೆರಿಕದಲ್ಲಿ ಮಾರುತ್ತಿದ್ದ ಹಿಟ್ಟು ಅದು, 1956ರಲ್ಲಿ ಆಟಿಕೆಯಾಯಿತು.

ಉಳಿಯಬೇಕು ಅಂದರೆ ಗಾಳಿಗೆ ಒಣಗುವ ಏರ್ ಡ್ರೈ ಕ್ಲೇ, ಮನೆಯಲ್ಲೇ ಮಾಡುವ ಉಪ್ಪುಹಿಟ್ಟು ಅಥವಾ ಸೋಡಾ ಹಿಟ್ಟು ನೋಡಿ. ಇವೆಲ್ಲಕ್ಕಿಂತ ನನಗೆ ಇಷ್ಟ ಸಾದಾ ಜೇಡಿಮಣ್ಣು. ಭಾರ ಇರುತ್ತದೆ, ಒತ್ತಿದರೆ ಎದುರು ಒತ್ತುತ್ತದೆ, ಒಂದು ಗೆರೆ ಎಳೆದರೂ ಹಾಗೇ ನಿಲ್ಲುತ್ತದೆ, ಬೇಡವಾದರೆ ನೀರಿಗೆ ಹಾಕಿದರೆ ಮತ್ತೆ ಮಣ್ಣು. ಪಾಲಿಮರ್ ಕ್ಲೇ ಮಾತ್ರ ಪುಟ್ಟ ಮಕ್ಕಳಿಗೆ ಬೇಡ. ಅದರ ವಿಚಾರ ಕೊನೆಗೆ ಹೇಳುತ್ತೇನೆ.

ಎಲ್ಲಾ ಬಾಯಿಗೆ ಹಾಕ್ತಾನೆ. ಹಿಟ್ಟು-ಉಪ್ಪಿನದಾದರೆ ತಿಂದರೂ ಏನೂ ಆಗಲ್ಲ ಅಲ್ವಾ?

ಆಗುತ್ತದೆ. ಅಡುಗೆಮನೆ ಸಾಮಾನು ಅಂದ ಮಾತ್ರಕ್ಕೆ ತಿನ್ನುವ ವಸ್ತು ಅಲ್ಲ. ಉಪ್ಪುಹಿಟ್ಟಿನಲ್ಲಿ ತೂಕದ ಲೆಕ್ಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಉಪ್ಪೇ ಇರುತ್ತದೆ. ನಾಲಗೆಗೆ ಮುಟ್ಟಿಸಿ ಥೂ ಅಂದರೆ ಚಿಂತೆಯಿಲ್ಲ, ಹೆಚ್ಚಿನ ಮಕ್ಕಳು ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಉಂಡೆಗಟ್ಟಲೆ ನುಂಗಿದರೆ ರಕ್ತದಲ್ಲಿ ಸೋಡಿಯಂ ಏರಿ ಅಪಾಯವಾಗುತ್ತದೆ. ಹಾಗಾದರೆ ಕಾಯದೆ ವೈದ್ಯರ ಹತ್ತಿರ ಹೋಗಿ. ಮನೆಯಲ್ಲಿ ನಾಯಿ ಇದ್ದರೆ ಇನ್ನೂ ಹುಷಾರು, ಅದು ಥೂ ಅನ್ನುವುದಿಲ್ಲ, ಒಣಗಿದ ಗೊಂಬೆಯನ್ನೂ ತಿಂದು ಮುಗಿಸುತ್ತದೆ.

ಗೋಧಿ ಅಲರ್ಜಿ ಅಥವಾ ಸೀಲಿಯಾಕ್ (ಗೋಧಿಯ ಗ್ಲುಟೆನ್ ಒಗ್ಗದ ಕಾಯಿಲೆ) ಇರುವ ಮಗುವಾದರೆ ಅಕ್ಕಿಹಿಟ್ಟು, ಕಾರ್ನ್‌ಫ್ಲೋರ್‌ನಲ್ಲಿ ಮಾಡಿ. ಅಂಗಡಿಯ ಪ್ಲೇಡೋದಲ್ಲೂ ಗೋಧಿ ಇರುತ್ತದೆ, ಡಬ್ಬದ ಮೇಲೆ ಬರೆದದ್ದನ್ನು ಓದಿ. ಬೋರಾಕ್ಸ್ ಅನ್ನುವ ರಾಸಾಯನಿಕ ಪುಡಿ ಹಾಕುವ ಅಳತೆಗಳು ಕಣ್ಣಿಗೆ ಬಿದ್ದರೆ ಪುಟ್ಟವರಿಗೆ ಅದು ಬೇಡವೇ ಬೇಡ.

ಮನೆಯೆಲ್ಲ ಗಲೀಜಾಗುತ್ತೆ ಅನ್ನೋ ಒಂದೇ ಕಾರಣಕ್ಕೆ ಶುರು ಮಾಡಿಲ್ಲ. ಏನಾದ್ರೂ ದಾರಿ ಇದೆಯಾ?

ಇದೆ. ನೀರಿನ ಬಟ್ಟಲು ಕೊಡಬೇಡಿ. ಅರ್ಧ ಗಲೀಜು ಅಲ್ಲೇ ತಪ್ಪುತ್ತದೆ. ಬಟ್ಟಲು ಕೊಟ್ಟರೆ ಐದು ನಿಮಿಷದಲ್ಲಿ ಎಲ್ಲಾ ಮಣ್ಣೂ ಅದರೊಳಗೆ ಹೋಗಿ ಕೆಸರಾಗುತ್ತದೆ, ಮಗುವಿನ ತಪ್ಪೇನಿಲ್ಲ, ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಬದಲಿಗೆ ಒದ್ದೆ ಸ್ಪಂಜಿನ ತುಂಡು ಕೊಡಿ. ಬೆರಳು ಒತ್ತಿದರೆ ಬೇಕಾದಷ್ಟೇ ನೀರು ಬರುತ್ತದೆ.

ಮೇಜಿನ ಮೇಲೆ ಪ್ಲಾಸ್ಟಿಕ್ ಹಾಸಿದರೆ ಜೇಡಿಮಣ್ಣು ಅದಕ್ಕೇ ಅಂಟಿಕೊಳ್ಳುತ್ತದೆ. ದಪ್ಪ ಹತ್ತಿ ಬಟ್ಟೆ, ಹಳೇ ಬೆಡ್‌ಶೀಟ್ ಮಡಿಸಿ ಹಾಸಿದರೆ ಮಣ್ಣು ಸಲೀಸಾಗಿ ಏಳುತ್ತದೆ.

ಜೇಡಿಮಣ್ಣು ಆದಮೇಲೆ ಪೊರಕೆ ಹಿಡಿಯಬೇಡಿ. ಒಣಗಿದ ಮಣ್ಣಿನ ಧೂಳಿನಲ್ಲಿ ಸಿಲಿಕಾದ ತೀರಾ ಸಣ್ಣ ಕಣಗಳಿರುತ್ತವೆ, ಉಸಿರಿನ ಜೊತೆ ಒಳಗೆ ಹೋಗುವುದು ಒಳ್ಳೆಯದಲ್ಲ. ಅದರಲ್ಲೂ ಚಳಿಗೆ ಕಿಟಕಿ ಮುಚ್ಚಿರುವಾಗ. ಒದ್ದೆ ಬಟ್ಟೆಯಲ್ಲಿ ಒರೆಸಿ. ಹಿಟ್ಟಿನ ಕ್ಲೇ ಕಾರ್ಪೆಟ್‌ಗೆ ಮೆತ್ತಿಕೊಂಡರೆ ಉಲ್ಟಾ: ಆಗಲೇ ಉಜ್ಜದೆ, ಪೂರ್ತಿ ಒಣಗಿದ ಮೇಲೆ ಬಿಡಿಸಿದರೆ ಚೂರುಚೂರಾಗಿ ಎದ್ದು ಬರುತ್ತದೆ.

ಕೈ ತೊಳೆಯುವುದು ಸಿಂಕ್‌ನಲ್ಲಿ ಬೇಡ, ಬಕೆಟ್‌ನಲ್ಲಿ. ರಾತ್ರಿ ಇಟ್ಟರೆ ಮಣ್ಣು ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ನೀರು ಚೆಲ್ಲಿ, ತಳದ ಮಣ್ಣು ಮತ್ತೆ ಬಳಸಿ. ಸಿಂಕಿಗೆ ಸುರಿದರೆ ಅದೇ ಮಣ್ಣು ಪೈಪಿನ ಬಾಗಿನಲ್ಲಿ ಕೂರುತ್ತದೆ.

ಮುಟ್ಟಿದ ತಕ್ಷಣ "ತಣ್ಣಗಿದೆ" ಅಂತ ಕೈ ಕೊಡವಿ ಎದ್ದು ಹೋಗ್ತಾಳೆ

ಚಳಿಯಲ್ಲಿ ಜೇಡಿಮಣ್ಣು ನಿಜವಾಗಿ ಕೊರೆಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಚೀಲ ಸಮೇತ ಬಿಸಿನೀರಿನ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಇಡಿ. ಆಮೇಲೆ ನೀವೇ ಒಂದು ಸಲ ನಾದಿ ಕೊಡಿ, ಬಿಸಿ ಎಲ್ಲಾ ಕಡೆ ಸಮವಾಗುತ್ತದೆ. ಎಣ್ಣೆ ಕ್ಲೇ ಚಳಿಗೆ ಕಲ್ಲಾಗುತ್ತದೆ. ಅದನ್ನು ನೀವು ಅಂಗೈಯಲ್ಲಿ ಹೊಸೆದು ಮೆತ್ತಗೆ ಮಾಡಿ ಚಿಕ್ಕ ಚಿಕ್ಕ ತುಂಡಾಗಿ ಕೊಡಿ.

ಒಡೆದ ಚರ್ಮಕ್ಕೆ ಉಪ್ಪುಹಿಟ್ಟು ಚುರುಚುರು ಅನ್ನುತ್ತದೆ. ಎಷ್ಟೋ ಮಕ್ಕಳು ಅದನ್ನು ಹೇಳಲು ಬಾರದೆ ಸುಮ್ನೆ ಹಟ ಮಾಡುತ್ತಾರೆ. ಬೆರಳ ಸಂದು ನೋಡಿ, ಗೀರು ಇದ್ದರೆ ಆ ದಿನ ಬೇರೆ ಕ್ಲೇ ಕೊಡಿ. ಜೇಡಿಮಣ್ಣೂ ಚರ್ಮದ ತೇವ ಎಳೆಯುತ್ತದೆ, ಕೈ ತೊಳೆಸಿದ ಮೇಲೆ ಕ್ರೀಮೋ ಎಣ್ಣೆಯೋ ಹಚ್ಚಿಬಿಡಿ.

## ಅಳತೆ ಮತ್ತು ಹದ

ಮನೆಯಲ್ಲೇ ಮಾಡೋಕೆ ಸರಿಯಾದ ಅಳತೆ ಹೇಳಿ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ

ಮೂರು ಹಿಟ್ಟು ಗೊತ್ತಿದ್ದರೆ ಇಡೀ ಚಳಿಗಾಲ ಕಳೆಯಬಹುದು.

ಆಡುವ ಹಿಟ್ಟಿಗೆ 1 ಕಪ್ ಮೈದಾ, ಅರ್ಧ ಕಪ್ ಪುಡಿ ಉಪ್ಪು, 1 ಕಪ್ ನೀರು, 1 ದೊಡ್ಡ ಚಮಚ ಎಣ್ಣೆ, 2 ಚಿಕ್ಕ ಚಮಚ ಕ್ರೀಮ್ ಆಫ್ ಟಾರ್ಟರ್ (ಕೇಕ್ ಬೇಕಿಂಗ್‌ಗೆ ಬಳಸುವ ಹುಳಿ ಪುಡಿ). ಅದಿಲ್ಲದಿದ್ದರೆ 1 ದೊಡ್ಡ ಚಮಚ ನಿಂಬೆರಸ. ಎಲ್ಲವನ್ನೂ ಗಂಟಿಲ್ಲದಂತೆ ಕಲಸಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಮೊದಲು ನೀರುನೀರು, ಆಮೇಲೆ ಇದ್ದಕ್ಕಿದ್ದಂತೆ ಗಟ್ಟಿಯಾಗಿ ಪಾತ್ರೆ ಬಿಟ್ಟು ಮುದ್ದೆಯಾಗುತ್ತದೆ. ಆಗ ಇಳಿಸಿ. ಒಳಗೆ ತುಂಬಾ ಬಿಸಿ ಇರುತ್ತದೆ, ಪೂರ್ತಿ ಆರುವ ತನಕ ಮಗುವಿನ ಕೈಗೆ ಕೊಡಬೇಡಿ. ಆರಿದ ಮೇಲೆ ಚೆನ್ನಾಗಿ ನಾದಿ. ನಿಮ್ಮ ಕಿವಿಯ ಹಾಲೆ ಮುಟ್ಟಿ ನೋಡಿ, ಹಿಟ್ಟು ಅಷ್ಟು ಮೆತ್ತಗಿರಬೇಕು.

ಉಪ್ಪುಹಿಟ್ಟಿಗೆ 2 ಕಪ್ ಮೈದಾ, 1 ಕಪ್ ಉಪ್ಪು, ಸುಮಾರು 1 ಕಪ್ ನೀರು. ಒಲೆ ಬೇಡ, ಹತ್ತು ನಿಮಿಷ ನಾದಬೇಕು ಅಷ್ಟೇ. ನಾದುವುದು ಕಮ್ಮಿಯಾದರೆ ಅಂಚೆಲ್ಲ ಸೀಳುತ್ತದೆ.

ಸೋಡಾ ಹಿಟ್ಟಿಗೆ 2 ಕಪ್ ಅಡುಗೆ ಸೋಡಾ, 1 ಕಪ್ ಕಾರ್ನ್‌ಫ್ಲೋರ್, ಒಂದೂಕಾಲು ಕಪ್ ನೀರು. ಇದನ್ನೂ ಒಲೆಯ ಮೇಲೆ ತಿರುವಿ ಗಟ್ಟಿ ಮಾಡಬೇಕು. ಆರುವಾಗ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಇಲ್ಲದಿದ್ದರೆ ಪದರ ಕಟ್ಟುತ್ತದೆ. ಒಣಗಿದ ಮೇಲೆ ಬೆಳ್ಳಗೆ, ನಯವಾಗಿ ಬರುತ್ತದೆ. ಚಿಕ್ಕ, ತೆಳು ವಸ್ತುಗಳಿಗೆ ಮೂರರಲ್ಲಿ ಇದೇ ಚಂದ.

ಹಿಟ್ಟು ಒಂದು ದಿನ ಕೈಗೆ ಅಂಟುತ್ತೆ, ಇನ್ನೊಂದು ದಿನ ಪುಡಿಪುಡಿ. ಯಾಕೆ?

ಮೈದಾ ಎಲ್ಲಾ ಒಂದೇ ತರಹ ನೀರು ಕುಡಿಯುವುದಿಲ್ಲ. ಅಂಟಿದರೆ ಒಂದೊಂದೇ ಚಮಚ ಹಿಟ್ಟು, ಪುಡಿಯಾದರೆ ಕೈ ಒದ್ದೆ ಮಾಡಿಕೊಂಡು ನಾದಿ. ನೇರ ನೀರು ಸುರಿಯಬೇಡಿ, ಒಂದು ಚಮಚ ಜಾಸ್ತಿಯಾದರೂ ಎಲ್ಲಾ ಲೊಚಲೊಚ.

ಉಳಿದದ್ದನ್ನು ಎಷ್ಟು ದಿನ ಇಡಬಹುದು? ಜೇಡಿಮಣ್ಣು ಒಣಗಿದ್ರೆ ಬಿಸಾಡಬೇಕಾ?

ಬೇಯಿಸಿದ ಆಡುವ ಹಿಟ್ಟು ಗಾಳಿಯಾಡದ ಡಬ್ಬದಲ್ಲಿ ವಾರಗಟ್ಟಲೆ ಇರುತ್ತದೆ. ವಾಸನೆ ಬಂದರೆ, ಚುಕ್ಕೆ ಕಂಡರೆ ಎಸೆಯಿರಿ. ಉಪ್ಪುಹಿಟ್ಟನ್ನು ಮಾಡಿದ ದಿನವೇ ಮುಗಿಸುವುದು ಒಳ್ಳೆಯದು, ಮರುದಿನಕ್ಕೆ ನೀರು ಬಿಡುತ್ತದೆ.

ಜೇಡಿಮಣ್ಣು ಎಸೆಯುವ ಮಾತೇ ಇಲ್ಲ. ಅರ್ಧ ಒಣಗಿದ ಮಣ್ಣನ್ನು ನೀರಿಗೆ ಹಾಕಿದರೆ ಅದು ಸುಮ್ನೆ ಕೂರುತ್ತದೆ, ಬೇಗ ಕರಗುವುದಿಲ್ಲ. ಅದನ್ನೇ ಪೂರ್ತಿ ಒಣಗಿಸಿ, ಚೂರು ಮಾಡಿ ನೀರಿಗೆ ಹಾಕಿ. ಬುಳುಬುಳು ಗುಳ್ಳೆ ಬಿಡುತ್ತಾ ನೋಡನೋಡುತ್ತಿದ್ದಂತೆ ಪದರ ಪದರವಾಗಿ ಕುಸಿಯುತ್ತದೆ. ಗಾಜಿನ ಲೋಟದಲ್ಲಿ ಮಾಡಿ ತೋರಿಸಿ, ಗೊಂಬೆ ಮಾಡುವುದಕ್ಕಿಂತ ಇದನ್ನೇ ಜಾಸ್ತಿ ಹೊತ್ತು ನೋಡುವ ಮಕ್ಕಳಿದ್ದಾರೆ. ಆ ಕೆಸರನ್ನು ಬಟ್ಟೆಯ ಮೇಲೆ ಹರಡಿ, ಹದಕ್ಕೆ ಬಂದಾಗ ನಾದಿ ಎತ್ತಿಡಿ.

## ಏನೇನು ಮಾಡಿಸೋದು

ಉಂಡೆ, ಹಾವು, ಉಂಡೆ, ಹಾವು. ಅದರಿಂದ ಮುಂದೆ ಹೋಗ್ತಾನೇ ಇಲ್ಲ

ಮುಂದೆ ಹೋಗಲು ಆ ಎರಡೇ ಸಾಕು. ಮಗುವಿನ ಮುಷ್ಟಿಯೊಳಗೆ ಹಿಡಿಸುವ ಉಂಡೆ ಕೊಡಿ, ದೊಡ್ಡದು ಬೇಡ. ಹೆಬ್ಬೆರಳು ನಡುವೆ ಒತ್ತಿ ಗುಳಿ ಮಾಡಲಿ, ತಳದಲ್ಲಿ ಒಂದು ಬೆರಳಿನಷ್ಟು ದಪ್ಪ ಬಿಡಲಿ. ಆಮೇಲೆ ಹೆಬ್ಬೆರಳು ಒಳಗೆ, ಉಳಿದ ಬೆರಳು ಹೊರಗೆ. ಚಿವುಟು, ಸ್ವಲ್ಪ ತಿರುಗಿಸು. ಚಿವುಟು, ತಿರುಗಿಸು. ತಳದಿಂದ ಶುರು ಮಾಡಿ ಮೇಲೆ ಬರಬೇಕು. ಮಕ್ಕಳು ಮೊದಲು ಬಾಯಂಚನ್ನೇ ಚಿವುಟುತ್ತಾರೆ, ಅದು ತೆಳ್ಳಗಾಗಿ ಹೂವಿನ ಹಾಗೆ ಅರಳಿ ಬಿದ್ದುಹೋಗುತ್ತದೆ. ಬಿದ್ದರೆ ಬೀಳಲಿ, ಅದು ತಟ್ಟೆಯಾಯಿತು. ಬಟ್ಟಲನ್ನು ಬೋರಲು ಹಾಕಿದರೆ ಆಮೆ, ಕಡ್ಡಿಯಲ್ಲಿ ಚುಚ್ಚಿ ಚುಚ್ಚಿ ತೂತು ಮಾಡಿದರೆ ಮುಳ್ಳುಹಂದಿ, ಒಂದು ಕಡೆ ಕೊಕ್ಕು ಎಳೆದರೆ ಹಕ್ಕಿ.

ಹಾವನ್ನು ಸುರುಳಿ ಸುತ್ತಿದರೆ ಬಸವನಹುಳು. ಸುರುಳಿಯ ಮೇಲೆ ಸುರುಳಿ ಇಟ್ಟು ಒಳಗಡೆ ಬೆರಳಿಂದ ಕೆಳಕ್ಕೆ ಎಳೆದು ಬೆಸೆದರೆ ಪಾತ್ರೆ.

ಇವು ಯಾವುದೂ ಹಿಡಿಸದಿದ್ದರೆ ಒತ್ತುವ ಆಟ. ಮಣ್ಣನ್ನು 6–8 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಎಲೆಯ ನರ ಎದ್ದಿರುವ ಹಿಂಭಾಗ ಮಣ್ಣಿಗೆ ತಾಗುವಂತೆ ಇಟ್ಟು ಲಟ್ಟಣಿಗೆ ಒಂದು ಸಲ ಉರುಳಿಸಿ. ಎಲೆ ಎತ್ತಿದಾಗ ಸಣ್ಣ ಸಣ್ಣ ನರವೂ ಮೂಡಿರುತ್ತದೆ. ಬೀಗದ ಕೈ, ಬಾಚಣಿಗೆ, ಉಲ್ಲನ್ ಬಟ್ಟೆ, ಚಪ್ಪಲಿಯ ಅಡಿ, ಮನೆಯಲ್ಲಿ ಒತ್ತಲು ಬಾರದ ವಸ್ತುವೇ ಇಲ್ಲ. ತೂಗುಹಾಕುವುದಾದರೆ ಒದ್ದೆ ಇರುವಾಗಲೇ ಸ್ಟ್ರಾದಿಂದ ತೂತು ಮಾಡಿ. ಮರೆತರೆ ಆಮೇಲೆ ಕೊರೆಯಲು ಹೋಗಿ ಒಡೆಯುತ್ತದೆ.

ಗೊಂಬೆಯ ಕಿವಿ, ಕೈ ಎಲ್ಲಾ ಒಣಗಿದ ಮೇಲೆ ಪಟಪಟ ಉದುರುತ್ತೆ

ಸುಮ್ನೆ ಒತ್ತಿದ್ದಕ್ಕೆ. ಜೇಡಿಮಣ್ಣಾಗಲಿ ಏರ್ ಡ್ರೈ ಆಗಲಿ, ಸೇರಿಸುವ ಎರಡೂ ಕಡೆ ಫೋರ್ಕ್‌ನಿಂದ ಗೀರಬೇಕು. ಅದೇ ಮಣ್ಣನ್ನು ನೀರಲ್ಲಿ ಮೊಸರಿನ ಹದಕ್ಕೆ ಕಲಸಿ ಗೀರಿನ ಮೇಲೆ ಹಚ್ಚಬೇಕು. ಆಮೇಲೆ ಒತ್ತಿ, ಸುತ್ತಲ ಅಂಚನ್ನು ಬೆರಳಿಂದ ಎಳೆದು ಬೆಸೆಯಬೇಕು. ಮಕ್ಕಳಿಗೆ "ಗೀರು, ಅಂಟು, ಅಮುಕು" ಅಂತ ಹೇಳಿಕೊಡಿ, ಹಾಡಿಕೊಂಡು ಮಾಡುತ್ತಾರೆ. ಎರಡೂ ತುಂಡು ಒಂದೇ ಹದದಲ್ಲಿರಬೇಕು ಅನ್ನುವುದನ್ನು ಮಾತ್ರ ನೀವು ನೋಡಿಕೊಳ್ಳಿ. ಒಣಗಿದ ಮೈಗೆ ಒದ್ದೆ ಕಿವಿ ಅಂಟಿಸಿದರೆ ಕಿವಿ ಕುಗ್ಗುತ್ತದೆ, ಮೈ ಕುಗ್ಗುವುದಿಲ್ಲ, ಜೋಡಣೆ ಬಿಡುತ್ತದೆ. ಉಪ್ಪುಹಿಟ್ಟಿಗೆ ಇಷ್ಟೆಲ್ಲ ಬೇಡ, ನೀರು ಸವರಿ ಒತ್ತಿದರೆ ಸಾಕು.

ನಾನು ಸ್ವಲ್ಪ ಸರಿ ಮಾಡಿಕೊಟ್ರೆ ತಪ್ಪಾ? ಅವಳು ಮಾಡಿದ ನಾಯಿಗೆ ಐದು ಕಾಲಿದೆ

ಐದು ಕಾಲಿರಲಿ ಬಿಡಿ. ನೀವು ಕೈ ಹಾಕಿದ ಕ್ಷಣ ಅದು ನಿಮ್ಮ ನಾಯಿ. ಮುಂದಿನ ಸಲ "ನೀನೇ ಮಾಡಿಕೊಡು" ಅಂತ ಮುಂದೆ ನೂಕುತ್ತಾರೆ. ನನ್ನ ಲೆಕ್ಕ ಇಷ್ಟೇ: ಮಾಡುವುದು ಮಗುವಿನ ಪಾಲು, ಒಣಗಿಸುವುದು ನಿಮ್ಮ ಪಾಲು. ಎಷ್ಟೋ ಮನೆಗಳಲ್ಲಿ ಇದು ತಿರುಗುಮುರುಗು. ಗೊಂಬೆಯನ್ನು ದೊಡ್ಡವರು ತಿದ್ದುತ್ತಾರೆ, ಒಣಗಿಸುವುದನ್ನು ಯಾರೂ ನೋಡುವುದಿಲ್ಲ, ಎರಡನೇ ದಿನ ಬಿರುಕು ಬಿಟ್ಟಿತು ಅಂತ ಮಗು ಅಳುತ್ತದೆ. ನಿಮಗೂ ಕೈ ತುರಿಸಿದರೆ ನಿಮ್ಮದೇ ಒಂದು ಉಂಡೆ ತೆಗೆದುಕೊಂಡು ಪಕ್ಕದಲ್ಲಿ ಕೂತು ಮಾಡಿ.

ಬೆರಳ ಗುರುತನ್ನೂ ಒರೆಸಬೇಡಿ. ಈಗಿನ ಚೆಕ್ ದೇಶದ ಡೋಲ್ನಿ ವೆಸ್ತೊನಿಟ್ಸೆಯಲ್ಲಿ 1925ರಲ್ಲಿ ಸಿಕ್ಕ ಸುಟ್ಟ ಮಣ್ಣಿನ ಹೆಣ್ಣುಗೊಂಬೆ 25 ಸಾವಿರ ವರ್ಷಕ್ಕೂ ಹಳೆಯದು. ಅದರ ಮೈಮೇಲೆ ಒಂದು ಬೆರಳಚ್ಚು ಉಳಿದಿದೆ. 7ರಿಂದ 15 ವರ್ಷದೊಳಗಿನ ಮಗುವಿನದಿರಬೇಕು ಅಂತ ಅದನ್ನು ಪರೀಕ್ಷಿಸಿದವರ ಅಂದಾಜು.

ಹತ್ತು ನಿಮಿಷಕ್ಕೇ ಎದ್ದು ಹೋಗ್ತಾನೆ, ತಯಾರಿ ಮಾಡೋಕೇ ಅರ್ಧ ಗಂಟೆ ಬೇಕು

ಮೂರು ವರ್ಷಕ್ಕೆ ಹತ್ತು ನಿಮಿಷ ಒಳ್ಳೆಯ ಹೊತ್ತೇ. ತಯಾರಿ ಕಡಿಮೆ ಮಾಡಿ. ಬಟ್ಟೆ, ಹಲಗೆ, ಮಣ್ಣಿನ ಡಬ್ಬ ಒಂದೇ ಟ್ರೇನಲ್ಲಿಟ್ಟು ಹಾಗೇ ಎತ್ತಿಡಿ. ಅಚ್ಚು, ಕಟರ್ ಎಲ್ಲಾ ಮೊದಲೇ ಹರಡಬೇಡಿ, ಮೊದಲು ಬರೀ ಮಣ್ಣು. ಬೇಜಾರಾಗುವ ಹೊತ್ತಿಗೆ ಒಂದು ಫೋರ್ಕ್ ಅಥವಾ ಬೆಳ್ಳುಳ್ಳಿ ಹಿಂಡುವ ಸಾಧನ ಕೊಡಿ. ಅದರಿಂದ ಕೂದಲು ಬರುವುದನ್ನು ಕಂಡರೆ ಇನ್ನೂ ಹತ್ತು ನಿಮಿಷ ಗ್ಯಾರಂಟಿ.

## ಒಣಗಿಸುವುದು

ಬೇಗ ಒಣಗಲಿ ಅಂತ ಹೀಟರ್ ಮುಂದೆ ಇಡಬಹುದಾ?

ಬೇಡ. ಚಳಿಗಾಲದ ಬಿರುಕಿಗೆಲ್ಲ ಇದೇ ಮೂಲ. ಮಣ್ಣಿನೊಳಗಿನ ನೀರು ಹೋದಂತೆ ಅದು ಕುಗ್ಗುತ್ತದೆ, ಜೇಡಿಮಣ್ಣಾದರೆ ಸಾಮಾನ್ಯವಾಗಿ 5ರಿಂದ 8 ಶೇಕಡಾ. ಎಲ್ಲಾ ಕಡೆ ಒಟ್ಟಿಗೆ ಕುಗ್ಗಿದರೆ ತೊಂದರೆಯಿಲ್ಲ. ಹೀಟರ್ ಕಡೆಯ ಮೈ ಮೊದಲು ಒಣಗಿ ಕುಗ್ಗಿ, ಹಿಂಭಾಗ ಇನ್ನೂ ಒದ್ದೆ ಇದ್ದರೆ ಎರಡರ ಎಳೆದಾಟದಲ್ಲಿ ನಡುವೆ ಸೀಳುತ್ತದೆ.

ಮೊದಲ ದಿನ ಮೇಲೆ ಸಡಿಲವಾಗಿ ಪ್ಲಾಸ್ಟಿಕ್ ಅಥವಾ ಬಟ್ಟೆ ಮುಚ್ಚಿ. ಎರಡನೇ ದಿನ ತೆಗೆಯಿರಿ, ಆದರೆ ಕಿವಿ, ಬಾಲದಂತಹ ತೆಳು ಭಾಗಕ್ಕೆ ಮಾತ್ರ ಮುಚ್ಚಿರಲಿ. ಗಾಳಿಯಾಡುವ ಜಾಲರಿಯ ಮೇಲಿಟ್ಟು ದಿನಕ್ಕೊಮ್ಮೆ ಮಗುಚಿ. ತೆಳು ಬಿಲ್ಲೆಗಳಿಗೆ ಒಂದೆರಡು ದಿನ ಸಾಕು, ದಪ್ಪ ಗೊಂಬೆಗೆ ವಾರ ಬೇಕಾದೀತು. ಚಳಿಯ ಜೊತೆ ತೇವವೂ ಇರುವ ಕಡೆ ಇನ್ನೂ ತಡ. ಅಂಥ ಕಡೆ ಉಪ್ಪುಹಿಟ್ಟು ಗಾಳಿಯ ತೇವ ಹೀರಿ ಮತ್ತೆ ಮೆತ್ತಗಾಗುತ್ತದೆ, ಬೂಸ್ಟೂ ಬರುತ್ತದೆ, ಆದ್ದರಿಂದ ಓವನ್ನೇ ಸರಿ.

ಉಪ್ಪುಹಿಟ್ಟು ಓವನ್‌ನಲ್ಲಿ ಉಬ್ಬಿ ಕಂದು ಬಣ್ಣಕ್ಕೆ ತಿರುಗಿತು

ಬಿಸಿ ಜಾಸ್ತಿಯಾಗಿದೆ. ಇಲ್ಲಿ ಬೇಯಿಸುವ ಕೆಲಸ ಇಲ್ಲ, ನೀರು ಓಡಿಸಿದರೆ ಸಾಕು. 90–100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು-ಮೂರು ಗಂಟೆ, ನಡುವೆ ಒಂದು ಸಲ ಮಗುಚಿ. ಬೆನ್ನಿಗೆ ಬೆರಳಿಂದ ತಟ್ಟಿದರೆ ಟಕ್ ಅನ್ನಬೇಕು. ಸ್ವಯಂ ಉಬ್ಬುವ ಹಿಟ್ಟು ಅಂತ ಸಿಗುತ್ತದಲ್ಲ, ಅದನ್ನು ಬಳಸಿದ್ದರೆ ಎಷ್ಟು ಕಮ್ಮಿ ಬಿಸಿಯಲ್ಲೂ ಉಬ್ಬುತ್ತದೆ.

ಬಿರುಕು ಬಿಟ್ಟಾಯ್ತು. ಈಗೇನು ಮಾಡಲಿ?

ಏರ್ ಡ್ರೈ ಕ್ಲೇ ಆದರೆ ಅದನ್ನೇ ಸ್ವಲ್ಪ ನೀರಲ್ಲಿ ಕಲಸಿ, ಬಿರುಕಿನ ಒಳಗೆ ತೇವ ಮಾಡಿ ತುಂಬಿ, ನಿಧಾನಕ್ಕೆ ಒಣಗಿಸಿ. ತುಂಡೇ ಆಗಿದ್ದರೆ ಬಿಳಿ ಅಂಟಿನಿಂದ ಜೋಡಿಸಿ, ಬಣ್ಣದ ಕೆಳಗೆ ಕಾಣುವುದಿಲ್ಲ. ಪೂರ್ತಿ ಒಣಗಿದ ಜೇಡಿಮಣ್ಣಿಗೆ ತೇಪೆ ಹಾಕಿದರೆ ನಿಲ್ಲುವುದು ಅಪರೂಪ. ನೀರಿಗೆ ಹಾಕಿ ಹೊಸದಾಗಿ ಮಾಡುವುದೇ ವಾಸಿ, ಮಗು ಒಪ್ಪಿದರೆ.

## ಬಣ್ಣ, ಸುಡುವುದು, ಇನ್ನೂ ಮುಂದಿನದು

ಬಣ್ಣ ಹಚ್ಚಿದೆವು, ಮುಟ್ಟಿದ್ರೆ ಕೈಗೆಲ್ಲ ಬರ್ತಿದೆ

ಪೋಸ್ಟರ್ ಬಣ್ಣದ ಗುಣ ಅದು. ಒಣಗಿದ ಮೇಲೆ ನೀರು ಬೆರೆಸಬಹುದಾದ ವಾರ್ನಿಷ್ ಎರಡು ಸಲ ತೆಳ್ಳಗೆ ಹಚ್ಚಿ. ಅಕ್ರಿಲಿಕ್ ಆದರೆ ಉದುರುವುದಿಲ್ಲ, ಆದರೆ ಬಟ್ಟೆಗೆ ಬಿದ್ದರೆ ಹೋಗುವುದೂ ಇಲ್ಲ. ಹೊರಗೆ ಒಣಗಿ ಒಳಗೆ ತೇವ ಇರುವಾಗ ಬಣ್ಣ ಹಚ್ಚಬೇಡಿ. ತೇವ ಒಳಗೇ ಸಿಕ್ಕಿಕೊಂಡು ಬಣ್ಣ ಪೊರೆ ಬಿಡುತ್ತದೆ. ಮಕ್ಕಳಿಗೆ ಕಾಯುವುದು ಕಷ್ಟ ಅಂತಾದರೆ ಹಿಟ್ಟು ಕಲಸುವಾಗಲೇ ಬಣ್ಣ ಸೇರಿಸಿಬಿಡಿ.

ಅವನು ಮಾಡಿದ ಬಟ್ಟಲಲ್ಲೇ ಊಟ ಬೇಕಂತೆ. ಕೊಡಬಹುದಾ?

ಇಲ್ಲ. ಏರ್ ಡ್ರೈ, ಉಪ್ಪುಹಿಟ್ಟು, ಸೋಡಾ ಹಿಟ್ಟು ಯಾವುದೂ ನೀರು ತಡೆಯುವುದಿಲ್ಲ, ವಾರ್ನಿಷ್ ಹಚ್ಚಿದರೂ ಊಟಕ್ಕಲ್ಲ. ಗುಂಡಿ, ಗೋಲಿ, ಹೇರ್‌ಪಿನ್ ಹಾಕಿಡಲಿ. ದೀಪ ಇಡುವುದಾದರೆ ಬ್ಯಾಟರಿ ದೀಪ.

ಜೇಡಿಮಣ್ಣಿನ ಗೊಂಬೆಯನ್ನು ಮನೆ ಓವನ್‌ನಲ್ಲೇ ಸುಟ್ಟರೆ ಗಟ್ಟಿ ಆಗಲ್ವಾ?

ಒಣಗುತ್ತದೆ, ಸುಡುವುದಿಲ್ಲ. ಮನೆ ಓವನ್ 250 ಡಿಗ್ರಿ ಆಸುಪಾಸಿಗೆ ನಿಲ್ಲುತ್ತದೆ. ಮಣ್ಣಿನ ಕಣದೊಳಗೇ ಸೇರಿಕೊಂಡ ನೀರು ಬಿಟ್ಟುಹೋಗಲು ಸುಮಾರು 600 ಡಿಗ್ರಿ ಬೇಕು. ಅಲ್ಲಿವರೆಗೆ ಹೋಗದ ಗೊಂಬೆಯನ್ನು ನೀರಿಗೆ ಹಾಕಿದರೆ ಮತ್ತೆ ಕೆಸರು. ಅದನ್ನು ದಾಟಿದ ಮೇಲೆ ಹಿಂದಕ್ಕೆ ಬರುವುದಿಲ್ಲ. ಮಣ್ಣಿನ ಪಾತ್ರೆ ಸುಡುವ ಕುಲುಮೆಯಲ್ಲಿ ಮೊದಲ ಸುಡುವಿಕೆ ಸಾಮಾನ್ಯವಾಗಿ 1000 ಡಿಗ್ರಿ ಹತ್ತಿರ. ಮನೆಯಲ್ಲಿ ಇದಕ್ಕೆ ದಾರಿಯಿಲ್ಲ, ಒಲೆ ಮೇಲೆ, ಬೆಂಕಿಯಲ್ಲಿ ಪ್ರಯೋಗ ಮಾಡಲು ಹೋಗಬೇಡಿ, ಚೂರು ಸಿಡಿಯುತ್ತದೆ.

ಪಾಲಿಮರ್ ಕ್ಲೇ ಬೇಡ ಅಂದ್ರಿ. ದೊಡ್ಡವಳಿಗೆ ಎಂಟು ವರ್ಷ, ಅವಳಿಗೂ ಬೇಡವಾ?

ಎಂಟಕ್ಕೆ ಕೊಡಬಹುದು, ಓವನ್ ಕೆಲಸ ನಿಮ್ಮದು. ಇದು ಮಣ್ಣಲ್ಲ, ಪಿವಿಸಿ ಪ್ಲಾಸ್ಟಿಕ್. ಹೆಚ್ಚಿನವು 130 ಡಿಗ್ರಿ ಆಸುಪಾಸಿನಲ್ಲಿ ಗಟ್ಟಿಯಾಗುತ್ತವೆ, ಪೊಟ್ಟಣದ ಮೇಲಿನ ಅಳತೆಯನ್ನೇ ನಂಬಿ. ಓವನ್‌ನ ಮುಳ್ಳು ಸುಳ್ಳು ಹೇಳುವುದುಂಟು, ಒಳಗಿಡುವ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಬಿಸಿ ಮೀರಿ ಕರಟಿದರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ. ಆಗ ಓವನ್ ಆರಿಸಿ, ಎಷ್ಟೇ ಚಳಿಯಿದ್ದರೂ ಕಿಟಕಿ ತೆರೆದು, ಮಕ್ಕಳನ್ನು ಕೋಣೆಯಿಂದ ಹೊರಗೆ ಕಳಿಸಿ. ಇದಕ್ಕೆ ಬಳಸಿದ ಲಟ್ಟಣಿಗೆ, ಚಾಕು ಮತ್ತೆ ಅಡುಗೆಗೆ ಬೇಡ.

ಪರಿಚಯದವರ ಹತ್ತಿರ ಕುಲುಮೆ ಇದೆ. ಮಕ್ಕಳ ಗೊಂಬೆ ಕೊಡೋ ಮೊದಲು ಏನು ನೋಡ್ಕೋಬೇಕು?

ಮೊದಲು ತೇವ. ಗಾಳಿಗುಳ್ಳೆಯಿಂದ ಗೊಂಬೆ ಸಿಡಿಯುತ್ತದೆ ಅನ್ನುತ್ತಾರೆ, ನಿಜವಾಗಿ ಸಿಡಿಸುವುದು ಉಳಿದ ನೀರು. ಅದು ಹಬೆಯಾದಾಗ ಸಾವಿರ ಪಟ್ಟಿಗೂ ಜಾಸ್ತಿ ಜಾಗ ಕೇಳುತ್ತದೆ, ಮಣ್ಣು ಜಾಗ ಕೊಡುವುದಿಲ್ಲ. ಗೊಂಬೆಯನ್ನು ಕೆನ್ನೆಗೆ ಒತ್ತಿ ನೋಡಿ. ಕೋಣೆಯ ಬೇರೆ ವಸ್ತುಗಳಿಗಿಂತ ತಣ್ಣಗೆ ಅನ್ನಿಸಿದರೆ ನೀರು ಇನ್ನೂ ಆರುತ್ತಿದೆ ಅಂತ, ಇನ್ನೊಂದೆರಡು ದಿನ ಬಿಡಿ.

ಆಮೇಲೆ ದಪ್ಪ. ಒಂದು ಸೆಂಟಿಮೀಟರಿಗಿಂತ ಜಾಸ್ತಿ ದಪ್ಪ ಇರುವ ಹೊಟ್ಟೆ, ತಲೆಗಳನ್ನು ಮಣ್ಣು ಇನ್ನೂ ಮೆತ್ತಗಿರುವಾಗಲೇ ತಳದಿಂದ ಚಮಚದಲ್ಲಿ ಕೊರೆದು ಟೊಳ್ಳು ಮಾಡಿ. ಒಳಗೆ ಮುಚ್ಚಿದ ಟೊಳ್ಳಿದ್ದರೆ ಸೂಜಿಯಷ್ಟು ತೂತು ಬಿಡಿ. ಕಡ್ಡಿ, ಮಣಿ, ಪ್ಲಾಸ್ಟಿಕ್ ಕಣ್ಣು ಕೀಳಿಸಿ, ಅಕ್ರಿಲಿಕ್ ಬಣ್ಣ ಸುಟ್ಟ ಮೇಲೆ ಹಚ್ಚಲಿ. ಸುಡದ ಒಣ ಗೊಂಬೆ ತುಂಬಾ ಪೆಡಸು, ಕಿವಿ ಹಿಡಿದು ಎತ್ತಿದರೆ ಕಿವಿ ಮಾತ್ರ ಕೈಗೆ ಬರುತ್ತದೆ. ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿ ಕಳಿಸಿ. ಮತ್ತೆ ತಳದಲ್ಲಿ ಮಗುವಿನ ಹೆಸರನ್ನು ಕಡ್ಡಿಯಿಂದ ಗೀರಿರಬೇಕು, ಪೆನ್ಸಿಲ್‌ನಲ್ಲಿ ಬರೆದದ್ದು ಬೆಂಕಿಯಲ್ಲಿ ಹೋಗಿಬಿಡುತ್ತದೆ. ಒಂದೇ ಕುಲುಮೆಯಿಂದ ಹತ್ತು ಆಮೆ ವಾಪಸ್ ಬಂದರೆ ಯಾರದ್ದು ಯಾವುದು ಅಂತ ದೊಡ್ಡ ಜಗಳವೇ ಆಗುತ್ತದೆ.